ಇಪ್ಪತ್ತು ಕೋಶಗಳಲ್ಲಿ ಹನ್ನೆರಡು ಖಾಲಿ

ಮಂಗಳವಾರ ಬೆಳಿಗ್ಗೆ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಟ ಬಸ್ಸಿನಲ್ಲಿ ಕೂತಿದ್ದಾಗ ನಮ್ಮ ಸಾಹೇಬರ ಫೋನು ಬಂತು. "ಮೇಡಂ, ಬಂದ ಕೂಡ್ಲೆ ಮೊದಲ ನನ್ನ ಕಡೆ ಬರ್ರಿ. ಪರಿಶೀಲನೆ ಕೆಲಸ ಇನ್ಮ್ಯಾಲ ನೀವ ನೋಡ್ಕೋಬೇಕು" ಎಂದರು. ನಾನು ಹೂಂ ಎಂದೆ. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಬಸ್ಸು ಇಳಿಯುವಷ್ಟರಲ್ಲಿ ತಲೆಗೆ ಎರಡು ಕೊಂಬು ಮೂಡಿದ್ದವು.

ಹೆದ್ದಾರಿಗೆ ತಾಗಿದ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಕಚೇರಿ. ಹಳ್ಳಿಯಲ್ಲಿ ನೀರಿನ ವಾಲ್ವ್ ತಿರುಗಿಸುವವರು ತಮ್ಮ ಮೊಬೈಲಿನಲ್ಲಿ ಒಂದು ಅಂಕಿ ಒತ್ತಿದರೆ ಸಾಕು, ಆ ಓಣಿಯ ಮನೆಮನೆಗೂ ಫೋನು ಹೋಗಿ "ಅರ್ಧ ಗಂಟೆಯಲ್ಲಿ ಇಂಥ ಓಣಿಗೆ ನೀರು ಬಿಡಲಾಗುತ್ತದೆ" ಎಂದು ಓಣಿಯ ಹೆಸರು ಸಮೇತ ಹೇಳುತ್ತದೆ. ಆ ಫೋನು ಮಾಡುವ ತಂತ್ರಾಂಶವನ್ನು ಬರೆದು, ಕಾಪಾಡಿಕೊಂಡು ಬರುವುದು ನಮ್ಮ ಕೆಲಸ. ನೀರು ಎಷ್ಟೊತ್ತಿಗೆ ಬರುತ್ತದೋ ಎಂದು ನಲ್ಲಿ ಮುಂದೆ ಕೂತು ಹೊಲದ ಕೆಲಸ ಕಳೆದುಕೊಳ್ಳುತ್ತಿದ್ದ ಹೆಂಗಸರು ಈಗ ಫೋನು ಬಂದ ಮೇಲೆ ಕೊಡ ಎತ್ತಿಕೊಳ್ಳುವುದನ್ನು ನಿರ್ಣಾ ಹಳ್ಳಿಯಲ್ಲಿ ನಾನೇ ನೋಡಿದ್ದೇನೆ. ಆ ವಾರ ನಮ್ಮ ಮುಂದಿದ್ದದ್ದು ಮಂಠಾಳ. ಊರು ದೊಡ್ಡದು, ಓಣಿಗಳು ಹೆಚ್ಚು. ಅದಕ್ಕೆ ಬೇಕಾದ ಹೊಸ ಆವೃತ್ತಿಯನ್ನು ಮುಂದಿನ ಸೋಮವಾರ ಕೊಡುತ್ತೇವೆಂದು ಸಾಹೇಬರು ಮಾತು ಕೊಟ್ಟುಬಿಟ್ಟಿದ್ದರು.

ಕೆಲಸಕ್ಕೆ ನಾವು ಮೂವರು. ಸಾಹೇಬರು ನೀರು ಪೂರೈಕೆಯ ಕೆಲಸದಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಕೋಡ್ ಓದಲು ಬರುವುದಿಲ್ಲ, ಆದರೆ ಪೈಪು ಎಲ್ಲಿ ಸೋರುತ್ತದೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಎರಡನೆಯವಳು ನಾನು. ಬಸವಕಲ್ಯಾಣದಲ್ಲಿ ವರ್ಷಾನುಗಟ್ಟಲೆ ಟೈಪಿಂಗ್ ಕಲಿಸಿ, ಯಂತ್ರಗಳು ಗುಜರಿಗೆ ಹೋದ ಮೇಲೆ ಹಠ ಹಿಡಿದು ಪೈಥಾನ್ ಎಂಬ ಗಣಕಭಾಷೆ ಕಲಿತವಳು. ಮೂರನೆಯವರು ಈ ತಂತ್ರಾಂಶವನ್ನು ಮೊದಲು ಬರೆದವರು. ಊರು ಮನ್ನಾಏಖೇಳ್ಳಿ. ಹಾಗಾಗಿ ಕಚೇರಿಯಲ್ಲಿ ಎಲ್ಲರಿಗೂ ಅವರು ಮನ್ನಾಏಖೇಳ್ಳಿಯವರು. ಹುಟ್ಟಿನಿಂದ ಅವರಿಗೆ ಕಣ್ಣು ಕಾಣುವುದಿಲ್ಲ. ನಾನು ಬರೆದದ್ದನ್ನು ಅವರು ಓದಿ ಒಪ್ಪಿದರೆ ಮಾತ್ರ ಅದು ಹಳ್ಳಿಗೆ ಹೋಗುತ್ತದೆ. ಸಾಹೇಬರು ಪರಿಶೀಲನೆ ಎನ್ನುತ್ತಿದ್ದದ್ದು ಅದಕ್ಕೇ.

ಕೋಣೆಗೆ ಹೋದ ಕೂಡಲೇ ಸಾಹೇಬರು ವಿಷಯಕ್ಕೆ ಬಂದರು. "ನೀವು ಎರಡು ದಿನದಾಗ ಬರೀತೀರಿ. ಅವ್ರು ಅದನ್ನ ಓದಾಕ ಒಂದು ವಾರ ತಗೊಳಾಕತ್ತಾರ. ಮೊದಲ ಹಿಂಗ ಇದ್ದಿಲ್ಲ. ಹೋದ ವರ್ಷ ಒಂದ್ ಮುಂಜಾನಿಗೆ ಮುಗಸ್ತಿದ್ರು. ಏನೋ ಬ್ಯಾಸರ ಆಗ್ಯಾದ ಅವರಿಗೆ, ಇಲ್ಲಾ ಕೈಲಿ ಆಗವಲ್ತು. ಮಂಠಾಳದ್ದು ನೀವ ನೋಡಿ ಕಳಿಸಿಬಿಡ್ರಿ."

"ಮತ್ತ ಅವ್ರೇನು ಮಾಡ್ಬೇಕ್ರಿ?" ಎಂದೆ.

"ಫೋನಿನ ದನಿ ರೆಕಾರ್ಡ್ ಮಾಡೋದು, ಹಳ್ಳಿಯಿಂದ ದೂರು ಬಂದ್ರ ಕೇಳಿ ಬರಕೊಳ್ಳೋದು. ದನಿ ಚಲೋ ಅದ ಅವರ್ದು" ಎಂದರು ಸಾಹೇಬರು. ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಸೋರುವ ಪೈಪಿಗೆ ಬದಲಿ ಪೈಪು ಹಾಕುವವರ ಧಾಟಿಯಲ್ಲೇ ಹೇಳಿದರು. ಆದರೂ ತಂತ್ರಾಂಶ ಕಟ್ಟಿದವರನ್ನು ದೂರು ಬರೆದುಕೊಳ್ಳಲು ಕೂರಿಸುವುದೆಂದರೆ ಏನೆಂದು ನನಗೆ ಗೊತ್ತಾಯಿತು. ಗೊತ್ತಾದರೂ ಬೇಡ ಎನ್ನಲಿಲ್ಲ. ಪರಿಶೀಲನೆಯ ಕ್ರಮ ತಿಳಿದುಕೊಂಡು ಬರುತ್ತೇನೆಂದು ಪಕ್ಕದ ಕೋಣೆಗೆ ಹೋದೆ.

ಇಷ್ಟು ತಿಂಗಳು ಒಂದೇ ಕಚೇರಿಯಲ್ಲಿದ್ದರೂ ಅವರು ಓದುವಾಗ ಪಕ್ಕದಲ್ಲಿ ಕೂತವಳಲ್ಲ ನಾನು. ವಾರದಲ್ಲಿ ಎರಡೇ ದಿನ ಹುಮನಾಬಾದಿಗೆ ಬರುತ್ತಿದ್ದೆ, ಉಳಿದದ್ದು ಮನೆಯಿಂದ. ಬಂದ ದಿನವೂ ಚಹಾ ಕುಡಿಯುವಾಗ ಮಾತು, ಅಷ್ಟೇ. ಅವರ ಕೀಲಿಮಣೆಯ ಮುಂದೆ ಒಂದು ಉದ್ದನೆಯ ಬ್ರೈಲ್ ಪಟ್ಟಿ ಇತ್ತು. ಅದರ ಮೇಲೆ ಸಾಲಾಗಿ ಇಪ್ಪತ್ತು ಪುಟ್ಟ ಕೋಶಗಳು. ಒಂದೊಂದು ಕೋಶದಲ್ಲೂ ಸೂಜಿಮೊನೆಯಂಥ ಚುಕ್ಕೆಗಳು ಏಳುತ್ತವೆ, ಇಳಿಯುತ್ತವೆ. ಪರದೆಯ ಮೇಲಿನ ಒಂದು ಅಕ್ಷರಕ್ಕೆ ಒಂದು ಕೋಶ. ಇಪ್ಪತ್ತು ಅಕ್ಷರ ಬೆರಳಿಂದ ಓದಿ, ಪಕ್ಕದ ಗುಂಡಿ ಒತ್ತಿದರೆ ಮುಂದಿನ ಇಪ್ಪತ್ತು ಬರುತ್ತವೆ. ಕೋಡ್ ಓದಲು ಅವರು ಇದನ್ನೇ ಬಳಸುತ್ತಿದ್ದರು.

"ಗಣಕಯಂತ್ರ ಓದಿ ಹೇಳ್ತದಲ್ರಿ, ಕೇಳಿದ್ರ ಜಲ್ದಿ ಆಗಂಗಿಲ್ಲೇನು?" ಎಂದು ಕೇಳಿದೆ.

"ಕತಿ ಕೇಳಬಹುದ್ರಿ ಅಕ್ಕೋರ, ಕೋಡ್ ಕಿವ್ಯಾಗ ನಿಲ್ಲಂಗಿಲ್ಲ. ಒಂದು ಕಂಸ ತಪ್ಪಿದ್ರ ಮಾಲೂಮೇ ಆಗಂಗಿಲ್ಲ" ಎಂದು ನಕ್ಕರು. ಟೈಪಿಂಗ್ ಕಲಿಸಿದವಳೆಂದು ಅವರು ನನ್ನನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು.

ನಾನು ಹಿಂದಿನ ವಾರ ಕಳಿಸಿದ್ದ ಫೈಲು ತೆರೆದಿದ್ದರು. ಅವರ ಬೆರಳು ಪಟ್ಟಿಯ ಎಡತುದಿಯಿಂದ ಹೊರಟು ಸರಸರ ಜಾರಿತು. ಅರ್ಧ ದಾಟಿದರೂ ಒಂದು ಚುಕ್ಕೆಯೂ ಎದ್ದಿರಲಿಲ್ಲ. ಹನ್ನೆರಡು ಕೋಶ ಸಪಾಟು. ಕೊನೆಯ ಎಂಟರಲ್ಲಿ ಮಾತ್ರ ಅಕ್ಷರ. ಗುಂಡಿ ಒತ್ತಿದರು, ಇನ್ನಷ್ಟು ಅಕ್ಷರ. ಮತ್ತೆ ಒತ್ತಿದರು. ಮುಂದಿನ ಸಾಲಿಗೆ ಹೋದರೆ ಹದಿನಾರು ಕೋಶ ಸಪಾಟು, ನಾಲ್ಕು ಅಕ್ಷರ.

"ಇಷ್ಟು ಯಾಕ ಖಾಲಿ ಬರಾಕತ್ತದ? ಪಟ್ಟಿ ಕೆಟ್ಟದೇನು?"

"ಪಟ್ಟಿ ಕೆಟ್ಟಿಲ್ರಿ. ಅದು ನಿಮ್ಮ ಜಾಗಾ."

ಪೈಥಾನ್ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ಆ ಭಾಷೆಯಲ್ಲಿ ಯಾವ ಸಾಲು ಯಾವ ಸಾಲಿನ ಅಧೀನ ಎಂಬುದನ್ನು ಸಾಲಿನ ಮುಂದೆ ಬಿಟ್ಟ ಖಾಲಿ ಜಾಗವೇ ಹೇಳುತ್ತದೆ. ಒಂದು ಹಂತ ಒಳಗೆ ಹೋದಷ್ಟೂ ಸಾಲು ಬಲಕ್ಕೆ ಸರಿಯುತ್ತದೆ. ಒಂದು ಹಂತಕ್ಕೆ ನಾಲ್ಕು ಸ್ಪೇಸ್ ಬಿಡುವವರು ಇದ್ದಾರೆ, ಒಂದೇ ಒತ್ತಿಗೆ ಅಷ್ಟು ದೂರ ಜಿಗಿಯುವ ಟ್ಯಾಬ್ ಹಾಕುವವರೂ ಇದ್ದಾರೆ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಆ ಪಟ್ಟಿಯ ಮೇಲೆ ಹಾಗಲ್ಲ. ಟ್ಯಾಬ್ ಎಂದರೆ ಒಂದು ಕೋಶ. ನಾಲ್ಕು ಸ್ಪೇಸ್ ಎಂದರೆ ನಾಲ್ಕು ಕೋಶ. ನನ್ನ ಮೂರು ಹಂತದ ಸಾಲು ಅವರ ಇಪ್ಪತ್ತರಲ್ಲಿ ಹನ್ನೆರಡನ್ನು ನುಂಗಿ ಕೂತಿತ್ತು.

"ನಮ್ಮ ನಿಯಮದ ಹಾಳೆ ಮೊದಲನೇ ಸಾಲಿನ್ಯಾಗ ಬರದೀನ್ರಿ, ಹಂತಕ್ಕೊಂದು ಟ್ಯಾಬ್ ಅಂತ" ಎಂದರು ಅವರು ಮೆಲ್ಲಗೆ.

"ಓದೀನ್ರಿ! ಟ್ಯಾಬ್ ಕೀಲಿನ ಒತ್ತೇನಿ ನಾ!" ಎಂದು ಸ್ವಲ್ಪ ಜೋರಾಗಿಯೇ ಅಂದೆ. ಅದು ನಿಜವೇ. ಟೈಪ್‌ರೈಟರಿನ ಮುಂದೆ ಬೆಳೆದವಳು ನಾನು. ಅಲ್ಲಿ ಟ್ಯಾಬ್ ಒತ್ತಿದರೂ, ಸ್ಪೇಸ್ ಪಟ್ಟಿಯನ್ನು ಐದು ಸಲ ಒತ್ತಿದರೂ ಹಾಳೆಯ ಮೇಲೆ ಉಳಿಯುವುದು ಬಿಳಿ ಜಾಗ ಮಾತ್ರ. ಯಾವುದರಿಂದ ಬಂತೆಂದು ಪರೀಕ್ಷಕರಿಗೂ ತಿಳಿಯುವುದಿಲ್ಲ. ಕೀಲಿ ಒತ್ತಿದೆನೆಂದರೆ ನಿಯಮ ಪಾಲಿಸಿದೆ ಎಂದೇ ನಾನು ತಿಳಿದಿದ್ದೆ. ನಾನು ಕೋಡ್ ಬರೆಯಲು ಬಳಸುವ ವಿಮ್ ಎಂಬ ಎಡಿಟರು ಆ ಒಂದು ಒತ್ತಿಗೆ ಏನನ್ನು ಬರೆಯುತ್ತಿದೆ ಎಂದು ಒಮ್ಮೆಯೂ ಇಣುಕಿ ನೋಡಿರಲಿಲ್ಲ.

ಅದಕ್ಕಿಂತ ಕೆಟ್ಟದ್ದು ನೆನಪಾದದ್ದು ಆಮೇಲೆ. ಅವರ ಹಳೆಯ ಫೈಲುಗಳಿಗೆ ನಾನು ಸಾಲು ಸೇರಿಸಿದಾಗಲೆಲ್ಲ ಪೈಥಾನ್ ತಕರಾರು ತೆಗೆಯುತ್ತಿತ್ತು, ಟ್ಯಾಬು ಮತ್ತು ಸ್ಪೇಸು ಬೆರೆತಿವೆ ಎಂದು. ಆಗ ನಾನು ಒಂದು ಆಜ್ಞೆ ಕೊಟ್ಟು ಇಡೀ ಫೈಲನ್ನು ಸ್ಪೇಸಿಗೆ ತಿರುಗಿಸಿ, ದೋಷ ಸರಿಪಡಿಸಿದೆನೆಂದು ಬರೆದು ಕಳಿಸುತ್ತಿದ್ದೆ. ಹೀಗೆ ಒಂದೊಂದಾಗಿ ಅವರು ಬರೆದ ಹೆಚ್ಚಿನ ಫೈಲುಗಳನ್ನು ಅವರೇ ಓದಲಾಗದಂತೆ ಮಾಡಿಟ್ಟಿದ್ದೆ.

"ನೀವರ ಯಾಕ ಸುಮ್ನಿದ್ರಿ? ನಿಮ್ಮ ಕಡೆ ಟ್ಯಾಬ್ ಮಾಡ್ಕೊಂಡು ಓದಬೇಕಿಲ್ಲ?"

"ಮಾಡ್ದೆನ್ರಿ. ತಿರುಗಿ ಕಳಿಸಿದ್ರ ಎಲ್ಲಾ ಸಾಲೂ ನಾನೇ ತಿದ್ದಿದಂಗ ಕಾಣಸ್ತಾವ. ಒಂದ್ ದಫಾ ಸಾಹೇಬರು ಕೇಳಿದ್ರು, ಮೇಡಮ್ಮೋರು ಬರದದ್ದನ್ನ ಎಲ್ಲಾ ಯಾಕ ಮುಟ್ಟಾಕತ್ತೀರಿ ಅಂತ. ಬಿಟ್ಟೆ." ಬೆರಳನ್ನು ಮತ್ತೆ ಪಟ್ಟಿಯ ಎಡತುದಿಗೆ ತಂದು ಅಂದರು: "ನೀವು ತಿಳದ ಮಾಡಾಕತ್ತೀರಿ ಅಂದ್ಕೊಂಡೆ. ಕಲಿಸಿದೋರು ನೀವು. ಎರಡನೇ ಸಲ ಹ್ಯಾಂಗ ಹೇಳ್ಲಿ?"

ಅವರಿಗೆ ಸಾಹೇಬರ ಯೋಜನೆ ಇನ್ನೂ ಗೊತ್ತಿರಲಿಲ್ಲ. ನಾನು ಕ್ರಮ ಕಲಿಯಲು ಬಂದಿದ್ದೇನೆಂದೇ ನಂಬಿ ಪಾಪ ಒಂದೊಂದನ್ನೂ ಬಿಡಿಸಿ ಹೇಳುತ್ತಿದ್ದರು. ಅಲ್ಲಿ ಕೂತಿರಲಾಗಲಿಲ್ಲ. ಎದ್ದು ನೇರ ಸಾಹೇಬರ ಕೋಣೆಗೆ ಹೋದೆ.

"ಸಾಹೇಬ್ರ, ತಡ ಮಾಡಾಕತ್ತಿದ್ದು ಅವ್ರಲ್ಲ. ನಾನು."

ಅವರಿಗೆ ಅರ್ಥವಾಗಲಿಲ್ಲ. "ಖಾಲಿ ಜಾಗಾದಿಂದ ತಡ ಆಗ್ತದೇನ್ರಿ?" ಎಂದು ಕನ್ನಡಕ ತೆಗೆದು ನೋಡಿದರು. ಬಾಯಲ್ಲಿ ಹೇಳಿ ಪ್ರಯೋಜನವಿಲ್ಲವೆಂದು ಅವರನ್ನು ಪಕ್ಕದ ಕೋಣೆಗೆ ಎಳೆದುಕೊಂಡೇ ಬಂದೆ, ಕೈ ಹಿಡಿಯದ್ದೊಂದೇ ಕೊರತೆ. ಮನ್ನಾಏಖೇಳ್ಳಿಯವರಿಗೆ ಎರಡು ಫೈಲು ತೆರೆಯಲು ಹೇಳಿದೆ. ಒಂದು ನಾನು ಮುಟ್ಟದ ಹಳೆಯದು, ಇನ್ನೊಂದು ನನ್ನದು. ಹಳೆಯದನ್ನು ಅವರು ಬೆರಳಾಡಿಸುತ್ತ ಗಟ್ಟಿಯಾಗಿ ಓದಿದರೆ ನೀರು ಹರಿದಂತಿತ್ತು. ನನ್ನದಕ್ಕೆ ಬಂದಾಗ ಗುಂಡಿಯ ಟಕ್ ಟಕ್ ಸದ್ದೇ ಹೆಚ್ಚು ಕೇಳಿಸಿತು. ಸಾಹೇಬರು ಬಗ್ಗಿ, ಸಪಾಟಾದ ಕೋಶಗಳ ಮೇಲೆ ತಮ್ಮ ಹೆಬ್ಬೆರಳು ಇಟ್ಟು ನೋಡಿದರು.

"ಪೈಪಿನ್ಯಾಗ ಗಾಳಿ ತುಂಬಿದಂಗ ಆಗ್ಯಾದ" ಎಂದರು. ನಂತರ ಹೊರಗೆ ಬಂದು ನನಗೊಬ್ಬಳಿಗೇ ಕೇಳುವಂತೆ, "ಸೋಮವಾರ ತನಕ ನೋಡ್ರಿ. ಅಷ್ಟರಾಗ ಸರಿ ಆಗಿ ಅವ್ರು ಓದಿ ಮುಗಿಸಿದ್ರ ಆಯ್ತು. ಇಲ್ಲಂದ್ರ ನಾ ಹೇಳಿದಂಗ ನೀವ ನೋಡ್ಬೇಕು. ಮಂಠಾಳದವರಿಗೆ ಮತ್ತ ಮುಂದ ಹಾಕಾಕ ಆಗಂಗಿಲ್ಲ" ಎಂದರು.

ಆರು ದಿನ ಸಿಕ್ಕವು. ಮೊದಲು ನನ್ನ ಎಡಿಟರು, ಆಮೇಲೆ ಫೈಲುಗಳು, ಕೊನೆಗೆ ಅವರ ಓದು ಎಂದು ನಿರ್ಧರಿಸಿದೆ. ಎಡಿಟರು ಸರಿಯಾಗದೆ ಫೈಲಿಗೆ ಕೈ ಹಾಕಿದರೆ ಒಂದು ಕಡೆ ಗುಡಿಸುತ್ತ ಇನ್ನೊಂದು ಕಡೆ ಕಸ ಚೆಲ್ಲಿದಂತೆ ಆಗುತ್ತಿತ್ತು.

ವಿಮ್‌ನ ಆಯ್ಕೆಗಳೆಲ್ಲ ಒಂದು ಫೈಲಿನಲ್ಲಿ ಇರುತ್ತವೆ. ಅದನ್ನು ತೆರೆದರೆ ಯಾವುದೋ ಕಾಲದಲ್ಲಿ ಯಾವುದೋ ಪಾಠದಿಂದ ನಕಲು ಮಾಡಿದ್ದ ಸಾಲು ಸಿಕ್ಕಿತು, ಎಕ್ಸ್‌ಪ್ಯಾಂಡ್‌ಟ್ಯಾಬ್. ಟ್ಯಾಬ್ ಒತ್ತಿದರೆ ಅದನ್ನು ಸ್ಪೇಸುಗಳಾಗಿ ಬಿಡಿಸಿ ಬರೆ ಎಂದು ಅದರ ಅರ್ಥ. ಅದನ್ನು ಅಳಿಸಿ, ಬಿಡಿಸಬೇಡ ಎಂಬ ಆಜ್ಞೆ ಬರೆದೆ. ಟ್ಯಾಬಿನ ಅಗಲ ಮತ್ತು ಹಂತದ ಅಗಲ ಎರಡನ್ನೂ ನಾಲ್ಕಕ್ಕೆ ಇಟ್ಟೆ, ಎರಡು ಬೇರೆಬೇರೆ ಇದ್ದರೆ ವಿಮ್ ಟ್ಯಾಬಿನ ಜೊತೆ ಸ್ಪೇಸನ್ನೂ ಬೆರೆಸುತ್ತದೆ. ಐದು ನಿಮಿಷದ ಕೆಲಸ. ಇಷ್ಟಕ್ಕೇನಾ ಇಷ್ಟು ರಾದ್ಧಾಂತ ಎಂದುಕೊಂಡು ಬುಧವಾರ ಮನೆಯಿಂದಲೇ ಒಂದು ಚಿಕ್ಕ ಫೈಲು ಬರೆದು ಕಳಿಸಿದೆ. "ಈಗ ಓದ್ರಿ, ಬೆಣ್ಣಿ ಹಂಗ ಇರ್ತದ" ಎಂದು ಫೋನು ಬೇರೆ ಮಾಡಿದೆ.

ಹತ್ತು ನಿಮಿಷಕ್ಕೆ ಅವರ ಫೋನು ಬಂತು. "ಅಕ್ಕೋರ, ಸ್ಪೇಸೇ ಬಂದಾವ್ರಿ."

"ಸಾಧ್ಯನ ಇಲ್ಲ."

"ಹೌದ್ರಿ. ನಾಕ್ ನಾಕ್ ಅದಾವ." ಅವರ ದನಿಯಲ್ಲಿ ಬೇಸರವಿರಲಿಲ್ಲ. ಇದೂ ಆಗುವಂಥದ್ದಲ್ಲ ಎಂದು ಮೊದಲೇ ಒಪ್ಪಿಕೊಂಡವರ ದನಿ ಅದು. ನನಗೆ ಬೈದಿದ್ದರೆ ವಾಸಿಯಿತ್ತು.

ಆಯ್ಕೆಯ ಫೈಲು ನೋಡಿದೆ, ಬರೆದದ್ದು ಸರಿ ಇತ್ತು. ಎಡಿಟರನ್ನು ಮುಚ್ಚಿ ತೆರೆದೆ. ಒಂದು ಮಾಮೂಲಿ ಪಠ್ಯದ ಫೈಲಿನಲ್ಲಿ ಟ್ಯಾಬ್ ಒತ್ತಿದರೆ ಟ್ಯಾಬೇ ಬಿತ್ತು. ಪೈಥಾನ್ ಫೈಲಿನಲ್ಲಿ ಒತ್ತಿದರೆ ಸ್ಪೇಸು. ನನ್ನ ಮುಂದೆ ಹೂಂ ಎಂದು ಹಿಂದಿನಿಂದ ತನ್ನದೇ ನಡೆಸುವ ಸಂಬಂಧಿಕರ ಹಾಗೆ ಕಂಡಿತು ಅದು. ಮಧ್ಯಾಹ್ನದವರೆಗೂ ಒಲೆಯ ಮೇಲಿನ ಬೇಳೆಯನ್ನೂ ಮರೆತು ಕೂತೆ. ಬೇಳೆ ಸೀದಿತು, ಉತ್ತರ ಸಿಗಲಿಲ್ಲ. ಬಣ್ಣದ ಚಿತ್ರಗಳಿರುವ ಹೊಸ ಎಡಿಟರು ಹಾಕಿಕೊಂಡು ಇದನ್ನು ಎಸೆದುಬಿಡೋಣ ಎಂದೂ ಅನ್ನಿಸಿತು. ಆದರೆ ಎಡಿಟರು ಬದಲಿಸಿದರೆ ಅದರೊಳಗೆ ಏನು ಅಡಗಿದೆಯೋ ಯಾರಿಗೆ ಗೊತ್ತು? ಈ ಸಲ ಗೊತ್ತುಮಾಡಿಕೊಂಡೇ ಮುಂದೆ ಹೋಗಬೇಕೆಂದು ಸೆರಗು ಬಿಗಿದೆ.

ಗುರುವಾರ ಬೆಳಿಗ್ಗೆ ಸಹಾಯದ ಪುಟಗಳನ್ನು ಮೊದಲಿನಿಂದ ಓದುತ್ತ ಬಂದಾಗ ಒಂದು ಉಪಾಯ ಸಿಕ್ಕಿತು. ಯಾವುದೇ ಆಯ್ಕೆಯನ್ನು ಕೊನೆಯ ಸಲ ಬದಲಿಸಿದ್ದು ಯಾರು ಎಂದು ವಿಮ್ ಅನ್ನೇ ಕೇಳಬಹುದು. ಪೈಥಾನ್ ಫೈಲು ತೆರೆದಿಟ್ಟು ಕೇಳಿದೆ. ಉತ್ತರ ಬಂತು: ವಿಮ್‌ನ ಜೊತೆಗೇ ಬರುವ, ಪೈಥಾನಿಗೆಂದೇ ಇರುವ ಒಂದು ಒಳಫೈಲು. ನನ್ನ ಆಯ್ಕೆಗಳನ್ನು ಓದಿದ ಮೇಲೆ ಅದು ಓದಲ್ಪಡುತ್ತದೆ. ಪೈಥಾನ್ ಜಗತ್ತಿನಲ್ಲಿ ಹೆಚ್ಚಿನವರು ಒಪ್ಪಿದ ಶೈಲಿ ನಾಲ್ಕು ಸ್ಪೇಸಾದ್ದರಿಂದ ನನ್ನ ಆಜ್ಞೆಯನ್ನು ಮೇಲಿಂದ ಅಳಿಸಿ ತನ್ನದನ್ನು ಹಾಕುತ್ತದೆ. ಶಿಫಾರಸು ಮಾಡಿದ ಶೈಲಿ ನನಗೆ ಬೇಡ ಎಂದು ಒಂದು ಸಾಲು ಬರೆದರೆ ಅದು ಸುಮ್ಮನಿರುತ್ತದೆ. ಬರೆದೆ. ಈ ಸಲ ಕಳಿಸುವ ಮುಂಚೆ ಕಾಣದ ಅಕ್ಷರಗಳನ್ನು ತೋರಿಸುವ ಆಯ್ಕೆಯನ್ನೂ ಹಾಕಿಕೊಂಡೆ. ಟ್ಯಾಬ್ ಇದ್ದಲ್ಲಿ ಬಾಣ, ಸ್ಪೇಸ್ ಇದ್ದಲ್ಲಿ ಚುಕ್ಕಿ. ಸಾಲಿನ ಮುಂದೆ ಬಾಣಗಳು ಮೂಡಿದಾಗ ಕೂತಲ್ಲೇ ಚಪ್ಪಾಳೆ ತಟ್ಟಿದೆ.

ಫೋನು ಮಾಡಿ ಬೆಣ್ಣೆಯ ಮಾತೆತ್ತಲಿಲ್ಲ. ಕಳಿಸಿ ಸುಮ್ಮನೆ ಕೂತೆ. ಅವರಿಂದ ಎರಡೇ ಪದ ಬಂತು, "ಬಂತ್ರಿ. ಟ್ಯಾಬ್."

ಶುಕ್ರವಾರ ಹುಮನಾಬಾದಿಗೆ ಹೋಗಿ ಇಬ್ಬರೂ ಕೂತು ಇನ್ನೊಂದು ಕೆಲಸ ಮುಗಿಸಿದೆವು. ನನ್ನ ಯಂತ್ರ ಸರಿಯಾದರೆ ಸಾಲದು, ನಾಳೆ ಬೇರೆ ಯಾರಾದರೂ ಬಂದು ಸೇರಿದರೆ ಇದೇ ಕಥೆ. ಎಡಿಟರ್‌ಕಾನ್ಫಿಗ್ ಎಂಬ ಪುಟ್ಟ ಫೈಲೊಂದನ್ನು ತಂತ್ರಾಂಶದ ಮೂಲ ಫೋಲ್ಡರಿನಲ್ಲಿ ಇಟ್ಟರೆ, ಅದನ್ನು ಓದಬಲ್ಲ ಯಾವ ಎಡಿಟರಾದರೂ ಆ ಫೋಲ್ಡರಿಗೆ ಬಂದಾಗ ಅಲ್ಲಿಯ ಪದ್ಧತಿಗೆ ನಡೆಯುತ್ತದೆ. ಮನೆಗೆ ಬರುವ ಡಿಪ್ಲೊಮಾ ಹುಡುಗಿಯರಿಗೆ ನಾನು ಹೇಳಿಕೊಡುವ ಪೈಥಾನ್ ಪಾಠದ ಫೋಲ್ಡರಿನಲ್ಲಿ ನಾಲ್ಕು ಸ್ಪೇಸೇ ಇರಲಿ, ಇಲ್ಲಿ ಟ್ಯಾಬ್. ಬರೆಯುತ್ತ ನಾನು ಟ್ಯಾಬಿನ ಅಗಲ ನಾಲ್ಕು ಎಂದು ಸೇರಿಸಹೊರಟೆ.

"ಅದು ಬ್ಯಾಡ್ರಿ" ಎಂದರು ಮನ್ನಾಏಖೇಳ್ಳಿಯವರು. "ಅಗಲ ಎಷ್ಟರ ಇರ್ಲಿ. ನಿಮಗ ಕಣ್ಣಿಗೆ ನಾಕು ಚಂದ, ಇನ್ನೊಬ್ಬರಿಗೆ ಎರಡು. ನನಗ ಒಂದು. ಟ್ಯಾಬ್ ಅಂತಷ್ಟ ಬರೀರಿ." ಅಗಲದ ಸಾಲನ್ನು ಬಿಟ್ಟೆ.

ಇನ್ನುಳಿದದ್ದು ನಾನು ಕೆಡಿಸಿಟ್ಟ ಫೈಲುಗಳು. ಶನಿವಾರ ಬೆಳಿಗ್ಗೆ ಅವಸರ ಮಾಡಿದೆ. ಇದ್ದ ಸ್ಪೇಸುಗಳನ್ನೆಲ್ಲ ಟ್ಯಾಬಿಗೆ ತಿರುಗಿಸುವ ಆಜ್ಞೆಯನ್ನು ಎಲ್ಲ ಫೈಲುಗಳ ಮೇಲೂ ಓಡಿಸಿದೆ. ಒಂದು ಉಸಿರಿನಲ್ಲಿ ಮುಗಿಯಿತು. ಪರೀಕ್ಷೆಗೆಂದು ನಾವು ಒಂದು ಸುಳ್ಳು ಓಣಿ ಮಾಡಿಟ್ಟಿದ್ದೇವೆ, ಅದರಲ್ಲಿರುವ ಒಂದೇ ಮನೆ ನನ್ನ ಫೋನು. ಅಂಕಿ ಒತ್ತಿದೆ, ಫೋನು ರಿಂಗಾಯಿತು. ಎತ್ತಿದರೆ, "ಅರ್ಧ ಗಂಟೆಯಲ್ಲಿ ಓಣಿಗೆ ನೀರು ಬಿಡಲಾಗುತ್ತದೆ" ಎಂದಿತು. ಯಾವ ಓಣಿಗೆ ಎಂಬುದೇ ಇಲ್ಲ. ನಾನು ಕೊಟ್ಟ ಆಜ್ಞೆ ಸಾಲಿನ ಮುಂದಿನ ಜಾಗವನ್ನಷ್ಟೇ ಅಲ್ಲ, ಸಾಲಿನ ನಡುವೆ ಓಣಿಯ ಹೆಸರಿಗೂ ಸಂಖ್ಯೆಗೂ ಮಧ್ಯೆ ಬಿಟ್ಟಿದ್ದ ಸ್ಪೇಸುಗಳನ್ನೂ ಟ್ಯಾಬ್ ಮಾಡಿತ್ತು. ತಂತ್ರಾಂಶ ಅಲ್ಲಿ ಸ್ಪೇಸನ್ನು ಹುಡುಕಿ, ಸಿಗದೆ, ಹೆಸರನ್ನೇ ನುಂಗಿತ್ತು.

ಮಾಡಿದ್ದೆಲ್ಲ ರದ್ದು ಮಾಡಿ ಮೊದಲಿನ ಸ್ಥಿತಿಗೆ ತಂದೆ. ಈ ಸಲ ಸಾಲಿನ ಆರಂಭದಲ್ಲಿರುವ ಜಾಗವನ್ನು ಮಾತ್ರ, ನಾಲ್ಕು ನಾಲ್ಕಾಗಿ ಎಣಿಸಿ ಬದಲಿಸುವಂತೆ ಪುಟ್ಟ ಆಜ್ಞೆ ಬರೆದೆ. ಹೆಚ್ಚಿನವು ಸರಿಹೋದವು. ಕೆಲವು ಫೈಲುಗಳಲ್ಲಿ ಮಾತ್ರ ಏಳು, ಹದಿಮೂರು ಎಂದು ನಾಲ್ಕರ ಲೆಕ್ಕಕ್ಕೆ ಬಾರದ ಸಾಲುಗಳಿದ್ದವು. ಅವು ನನ್ನ ಟೈಪಿಂಗ್ ಮೇಷ್ಟರಿಕೆಯ ಫಲ. ಮೇಲಿನ ಸಾಲಿನ ಕಂಸದ ಕೆಳಗೇ ಸರಿಯಾಗಿ ಬರಲೆಂದು ಸ್ಪೇಸು ಒತ್ತಿ ಒತ್ತಿ ಅಂದ ಮಾಡಿದ್ದೆ. ಆಗ ಎಷ್ಟು ಹೆಮ್ಮೆಪಟ್ಟಿದ್ದೆನೋ ಈಗ ಅಷ್ಟೇ ಬೈದುಕೊಳ್ಳುತ್ತ ಒಂದೊಂದನ್ನೂ ಕೈಯಿಂದ ತಿದ್ದಿದೆ. ಭಾನುವಾರ ಮಧ್ಯಾಹ್ನಕ್ಕೆ ಎಲ್ಲ ಫೈಲಿನಲ್ಲೂ ಬಾಣಗಳೇ.

ಹಳೆಯದನ್ನೂ ಹೊಸದನ್ನೂ ಹೋಲಿಸಿ ನೋಡದೆ ಕಳಿಸುವವಳಲ್ಲ ನಾನು. ಆದರೆ ಹೋಲಿಸಿದರೆ ಎಲ್ಲ ಸಾಲೂ ಬದಲಾಗಿದೆ ಎನ್ನುತ್ತದೆ. ಖಾಲಿ ಜಾಗದ ವ್ಯತ್ಯಾಸ ಬಿಟ್ಟು ಉಳಿದದ್ದನ್ನು ತೋರಿಸು ಎಂಬ ಆಯ್ಕೆಯೂ ಇದೆ. ಅದನ್ನು ಕೊಟ್ಟೆ. ಏನೂ ಬರಲಿಲ್ಲ. ಅಂದರೆ ಖಾಲಿ ಜಾಗದ ಹೊರತು ನಾನು ಒಂದು ಅಕ್ಷರವನ್ನೂ ಆಚೀಚೆ ಮಾಡಿಲ್ಲ. ಸುಳ್ಳು ಓಣಿಗೆ ಮತ್ತೆ ಫೋನು ಮಾಡಿಸಿದೆ, ಓಣಿಯ ಹೆಸರು ಸಮೇತ ಬಂತು. ಸೋಮವಾರದ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗುವಾಗ ನನ್ನ ಪಾಪ ತೊಳೆದುಹೋಯಿತೆಂದು ನಿರಾಳವಾಗಿ ಕಿಟಕಿಗೆ ತಲೆಯಾನಿಸಿದ್ದೆ.

ಸಾಹೇಬರು ಬಾಗಿಲಲ್ಲೇ ಸಿಕ್ಕರು. ಮಂಠಾಳದಿಂದ ಎರಡು ಸಲ ಫೋನು ಬಂದಿತ್ತಂತೆ. ಎಲ್ಲ ಹೇಳಿದೆ. ಪರೀಕ್ಷೆ ಮುಗಿದಿದೆ, ಹೋಲಿಕೆಯೂ ಆಗಿದೆ ಎಂದೆ.

"ಹಂಗಾದ್ರ ಈಗ ಕಳಿಸಿಬಿಡೋಣಲ್ಲ?" ಎಂದರು.

"ಅವ್ರು ಓದ್ಲಿರಿ ಮೊದಲ. ಅದಕ್ಕ ಅಲ್ಲೇನು ಇಷ್ಟೆಲ್ಲಾ ಮಾಡಿದ್ದು?"

ನಿಜ ಹೇಳಬೇಕೆಂದರೆ ಆ ಓದು ಶಾಸ್ತ್ರಕ್ಕೆ ಎಂದೇ ನನ್ನ ಎಣಿಕೆ. ಓದಬಲ್ಲರೆಂದು ಸಾಹೇಬರಿಗೆ ತೋರಿದರೆ ಸಾಕು, ಸರಿಯಾಗಿದೆ ಎನ್ನುತ್ತಾರೆ, ಅವರ ಕೆಲಸ ಉಳಿಯುತ್ತದೆ ಎಂದುಕೊಂಡಿದ್ದೆ. ಮನ್ನಾಏಖೇಳ್ಳಿಯವರು ಓದಲು ಕೂತರು. ಪಕ್ಕದ ಕೋಣೆಯಿಂದ ಗುಂಡಿಯ ಸದ್ದು ಆಗೊಮ್ಮೆ ಈಗೊಮ್ಮೆ ಕೇಳುತ್ತಿತ್ತು, ಮೊದಲಿನಂತೆ ಎಡೆಬಿಡದೆ ಅಲ್ಲ. ಫೈಲಿನಿಂದ ಫೈಲಿಗೆ ಹೋಗುತ್ತಿದ್ದರು. ಸಾಹೇಬರು ಗಡಿಯಾರ ನೋಡುವುದು, ನನ್ನನ್ನು ನೋಡುವುದು. ಒಂದು ತಾಸು ಕಳೆದಿರಬಹುದು, ಸದ್ದು ನಿಂತಿತು.

"ಅಕ್ಕೋರ, ಜರಾ ಬರ್ರಿ."

ಹೋದೆವು, ಸಾಹೇಬರೂ ಹಿಂದೆಯೇ ಬಂದರು. ಓಣಿಯ ಮನೆಗಳಿಗೆ ಸರದಿಯಲ್ಲಿ ಫೋನು ಮಾಡುವ ಫೈಲು ಅದು, ನಾನು ಕೈಯಿಂದ ತಿದ್ದಿದವುಗಳಲ್ಲಿ ಒಂದು. ಅವರ ತೋರುಬೆರಳು ಪಟ್ಟಿಯ ಎಡತುದಿಯಲ್ಲಿ ನಿಂತಿತ್ತು.

"ಇದು ಕಳಸೋದು ಬ್ಯಾಡ್ರಿ" ಎಂದರು. "ಓಣಿ ಮುಗೀತು ಅಂತ ಗುರ್ತು ಹಾಕೋ ಸಾಲು ಇಲ್ಲೆ ಎರಡು ಟ್ಯಾಬ್ ಒಳಗ ಅದ. ಒಂದ ಇರಬೇಕು. ಹಿಂಗಿದ್ರ ಮೊದಲನೇ ಮನಿಗೆ ಫೋನ್ ಹೋದ ಕೂಡ್ಲೆ ಓಣಿ ಮುಗೀತು ಅಂತದ. ಉಳಿದ ಮನಿಗೆ ಹೋಗಂಗಿಲ್ಲ."

ನಾನು ಪರದೆಯ ಮೇಲೆ ಬಗ್ಗಿ ಬಾಣಗಳನ್ನು ಎಣಿಸಿದೆ. ಎರಡು. ಶನಿವಾರ ಮೇಲಿನ ಅಂದದ ಸಾಲುಗಳನ್ನು ತಿದ್ದುವ ಭರದಲ್ಲಿ ಅದರ ಕೆಳಗಿನ ಈ ಸಾಲನ್ನೂ ಜೊತೆಗೆ ಒಳಗೆ ತಳ್ಳಿದ್ದೆ. ಪರೀಕ್ಷೆಯಲ್ಲಿ ಸಿಗಲಿಲ್ಲವೇಕೆಂದರೆ ಸುಳ್ಳು ಓಣಿಯಲ್ಲಿ ಇದ್ದದ್ದು ಒಂದೇ ಮನೆ, ನನ್ನದು. ಹೋಲಿಕೆಯಲ್ಲಿ ಸಿಗಲಿಲ್ಲವೇಕೆಂದರೆ ಖಾಲಿ ಜಾಗದ ವ್ಯತ್ಯಾಸ ತೋರಿಸಬೇಡ ಎಂದು ನಾನೇ ಹೇಳಿದ್ದೆ. ಖಾಲಿ ಜಾಗವೇ ಎಲ್ಲವನ್ನೂ ನಿರ್ಧರಿಸುವ ಭಾಷೆಯಲ್ಲಿ! ಬೆಳಿಗ್ಗೆ ಕಳಿಸಿದ್ದರೆ ಮಂಠಾಳದಲ್ಲಿ ಓಣಿಗೊಂದೇ ಮನೆಗೆ ಫೋನು ಹೋಗಿ, ಉಳಿದವರೆಲ್ಲ ಹೊಲದಿಂದ ಬರುವಷ್ಟರಲ್ಲಿ ನಲ್ಲಿ ಒಣಗಿರುತ್ತಿತ್ತು.

ಸಾಹೇಬರು ನನ್ನ ಮುಖ ನೋಡಿದರು. "ಖರೇನ್ರಿ ಮೇಡಂ?"

"ಖರೇರಿ. ತಪ್ಪು ನಂದು. ಪರಿಶೀಲನೆ ನಾ ಮಾಡಿದ್ರ ಇದು ಹಂಗ ಹೋಗಿಬಿಡ್ತಿತ್ತು."

ಹಾಗೆನ್ನುವಾಗ ನಾಚಿಕೆಯಾಯಿತು, ಅದರ ಜೊತೆಗೇ ಎಂಥದೋ ಹಿಗ್ಗೂ ಆಯಿತು. ಅವರ ಕೆಲಸವನ್ನು ನಾನು ದಯೆಯಿಂದ ಉಳಿಸಹೊರಟಿದ್ದೆ, ಅವರಿಗೆ ನನ್ನ ದಯೆ ಬೇಕೇ ಇರಲಿಲ್ಲ. ಮನ್ನಾಏಖೇಳ್ಳಿಯವರ ಮುಖದಲ್ಲಿ ಗೆದ್ದೆನೆಂಬ ಭಾವ ಕಾಣಲಿಲ್ಲ. ಬೆರಳು ಆಗಲೇ ಮುಂದಿನ ಸಾಲಿಗೆ ಹೋಗಿತ್ತು. ನಾನು ಅವರ ಪಕ್ಕದ ಕುರ್ಚಿ ಎಳೆದುಕೊಂಡು ಆ ಸಾಲನ್ನು ಒಂದು ಹಂತ ಹೊರಗೆ ತಂದೆ.

ಸಾಹೇಬರ ಕಿಸೆಯಲ್ಲಿ ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ತೆಗೆದು ನೋಡಿ, "ಮಂಠಾಳದವ್ರು" ಎಂದರು. ಎತ್ತುವ ಮೊದಲು ನನ್ನ ಕುರ್ಚಿಯನ್ನು ಸುತ್ತಿ ಬಂದು ಮನ್ನಾಏಖೇಳ್ಳಿಯವರ ಮೇಜಿನ ಮುಂದೆ ನಿಂತರು.

"ಯಾವಾಗ ಕಳಸ್ತೀವಿ ಅಂತ ಹೇಳ್ಲಿರಿ?"

"ಇನ್ನೂ ನಾಕು ಫೈಲ್ ಅದಾವ್ರಿ" ಎಂದರು ಅವರು, ಬೆರಳು ಎತ್ತದೆ. "ಮೂರು ಗಂಟಿಗೆ ಹೇಳ್ತೀನಿ."

ಸಾಹೇಬರು ಫೋನು ಕಿವಿಗಿಟ್ಟುಕೊಂಡು, "ಮೂರು ಗಂಟಿ ತನಕ ತಡೀರಿ, ನಮ್ಮವ್ರು ಓದಾಕತ್ತಾರ" ಎನ್ನುತ್ತ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಹೋದರು.